ಕೈಬಿಟ್ಟ ದೇವರುಗಳನ್ನು ಎತ್ತುವ ಅಂಜಲೈ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಆಲದ ಮರದ ಬುಡದಲ್ಲಿ ಅಂಜಲೈ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಣೆಗೆ ಕಟ್ಟಿಕೊಂಡ ದೀಪದ ಬೆಳಕು ಎದುರಿಗಿರುವ, ಚೀನೀಯರ ಕರುಣೆಯ ದೇವತೆ ಗ್ವಾನ್‌ಯಿನ್ ತಾಯಿಯ ಪಿಂಗಾಣಿ ಮುಖದ ಮೇಲೆ ಬಿದ್ದಿದೆ. ತಾಯಿಯ ಒಂದು ಕೈ ಮುರಿದಿದೆ, ಮಡಿಲ ತುಂಬ ಇರುವೆ. ಅಂಜಲೈ ಇರುವೆಗಳನ್ನು ಊದಿ ಕೊಡವುತ್ತಾರೆ, ಬಾಟಲಿಯಿಂದ ಒಂದಿಷ್ಟು ನೀರು ಹನಿಸುತ್ತಾರೆ, ಕೆಂಪು ಬಟ್ಟೆಯ ತುಂಡಿನಿಂದ ಮುಖ ಮುಚ್ಚುತ್ತಾರೆ.

“ಏಳಮ್ಮಾ, ಮನೆ ಖಾಲಿ ಮಾಡೋ ಹೊತ್ತಾಯ್ತು,” ಎನ್ನುತ್ತ ವಿಗ್ರಹವನ್ನು ಎರಡೂ ಕೈಯಲ್ಲಿ ಎತ್ತಿ ಅಕ್ಕಿಚೀಲದೊಳಗೆ ಇಳಿಸುತ್ತಾರೆ. ಹಿಂದಿನಿಂದ ಗಂಟೆ ಬಾರಿಸುತ್ತ ಬಂದ ಸೈಕಲ್ಲೊಂದು ನಮ್ಮಿಬ್ಬರ ಮೇಲೂ ಕೆಸರು ಹಾರಿಸಿ ಮುಂದೆ ಹೋಗುತ್ತದೆ.

ಇದು ಒಂದು ಕಾಲಕ್ಕೆ ಮಲೇಷ್ಯಾದ ರೈಲು ಓಡುತ್ತಿದ್ದ ದಾರಿ. ಹಳಿ ಕಿತ್ತ ಮೇಲೆ ಸಿಂಗಪುರದ ಉತ್ತರದಿಂದ ದಕ್ಷಿಣದವರೆಗೆ ಹಸಿರು ಹಾದಿಯಾಗಿದೆ. ನಡೆಯುವವರು, ಓಡುವವರು, ಸೈಕಲ್ಲಿನವರು, ನಾಯಿ ಹಿಡಿದವರು, ಎಲ್ಲರಿಗೂ ಇದೇ ದಾರಿ. ಭಾನುವಾರ ನಾನೂ ಎರಡು ಕೋಲು ಊರಿಕೊಂಡು, ಹಿಮಾಲಯಕ್ಕೆ ಹೊರಟವನ ಗತ್ತಿನಲ್ಲಿ, ಈ ಸಪಾಟು ನೆಲದ ಮೇಲೆ ನಡೆಯುತ್ತೇನೆ. ತುದಿಯಿಂದ ತುದಿ ಮುಟ್ಟಿದವರು ಫೋಟೊ ಹಾಕಿ ಶಹಬ್ಬಾಸ್ ಗಿಟ್ಟಿಸುತ್ತಾರೆ. ಅಂಜಲೈ ಭಾನುವಾರ ಬಿಟ್ಟು ದಿನವೂ ಇಲ್ಲೇ ಸವೆಯುತ್ತಾರೆ, ಬೆನ್ನು ಬಗ್ಗಿಸಿಕೊಂಡು. ಅವರ ಬಗ್ಗೆ ಪೇಪರಿಗೆ ಬರೆಯಲೆಂದು ಇವತ್ತು ವಾರದ ನಡುವೆ ಬಂದಿದ್ದೇನೆ. ಅವರ ಫೋಟೊ ತೆಗೆದವರಿಲ್ಲ. ಫೋಟೊ ತೆಗೆಯುವಾಗ “ಆಂಟಿ, ಸ್ವಲ್ಪ ಸರೀರಿ” ಅಂದವರು ಮಾತ್ರ ಬೇಕಾದಷ್ಟು ಮಂದಿ.

ಬಾಟಲಿ, ಬಾಳೆಹಣ್ಣಿನ ಸಿಪ್ಪೆ ಎತ್ತಲು ಗುತ್ತಿಗೆ ಕಂಪನಿಯಲ್ಲಿ ಬೇರೆ ಜನವೂ ಇದ್ದಾರೆ. ಆದರೆ ಮರದಡಿಯಲ್ಲಿ ದೇವರು ಕಂಡರೆ ಸಾಕು, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಾಂಗ್ಲಾದ ಹುಡುಗರು ನಮಗೆ ಒಗ್ಗದು ಎಂದು ಪಕ್ಕಕ್ಕೆ ಸರಿಯುತ್ತಾರೆ. ಚೀನೀ ಮುದುಕರಿಗೆ ಇನ್ನೊಬ್ಬರ ದೇವರನ್ನು ಮುಟ್ಟಿದರೆ ಅವರ ಗ್ರಹಚಾರವೂ ಅಂಟಿಕೊಂಡೀತೆಂಬ ಭಯ. ಆಗ ಮೇಲ್ವಿಚಾರಕ ಕ್ವೆಕ್ ಫೋನ್ ಮಾಡುವುದು ಅಂಜಲೈಗೆ.

“ಆಂಟಿ, ನಿಮ್ಮ ನೆಂಟರು ಬಂದಿದ್ದಾರೆ. ಸೇತುವೆ ಹತ್ತಿರ, ಬಿದಿರು ಮೆಳೆ ಪಕ್ಕ.”

ಹೊಸ ಫ್ಲ್ಯಾಟಿಗೆ ಹೋಗುವವರು ಹಳೆಯ ದೇವರನ್ನು ಇಲ್ಲಿ ತಂದಿಡುತ್ತಾರೆ. ಅಪ್ಪ ಅಮ್ಮ ಸತ್ತ ಮೇಲೆ ಬೇರೆ ಧರ್ಮ ಹಿಡಿದ ಮಕ್ಕಳು ಇಡುತ್ತಾರೆ. ಲಾಟರಿಯಲ್ಲಿ ಸೋತವರೂ ಇಡುತ್ತಾರೆ, ಸುಮ್ಮನೆ ಇಡುವುದಿಲ್ಲ. “ನಂಬರು ಕೊಡ್ಲಿಲ್ಲ ಅಂತ ಮೂಗೇ ಒಡೆದಿರ್ತಾರೆ ತಂಬಿ,” ಎನ್ನುತ್ತಾರೆ ಅಂಜಲೈ. ನಾನು ಅವರಿಗೆ ತಂಬಿ, ಅಂದರೆ ತಮ್ಮ. “ಹುಲಿ ದೇವರು, ನಾಲ್ಕು ಮುಖದ ಬುದ್ಧ, ನಮ್ಮ ಪಿಳ್ಳೆಯಾರು ಗಣಪ, ಎಲ್ಲರೂ ಒಂದೇ ಚೀಲದಲ್ಲಿ. ಜಗಳ ಇಲ್ಲ, ತಂಟೆ ಇಲ್ಲ. ಬಿಟ್ಟುಹೋದವರ ಕೈ ಸೇದಿಹೋಗ ಅಂತ ಬೈಕೊಂಡೇ ಎತ್ತೋದು ನಾನು.” ಚೀಲ ಡಿಪೋಗೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಕೇಳಿದರೆ, “ಕೇಳಿಲ್ಲ. ಕೇಳಿದ್ರೆ ನಾಳೆ ಎತ್ತೋಕೆ ಕೈ ಬರಲ್ಲ,” ಎನ್ನುತ್ತಾರೆ.

ಅಂಜಲೈ ಹುಟ್ಟಿದ್ದು ಈ ದಾರಿಯ ಅಂಚಿನಲ್ಲೇ. ಅಪ್ಪ ಕರುಪ್ಪಯ್ಯ ರೈಲ್ವೆ ಗೇಟು ಕಾಯುತ್ತಿದ್ದವರು. ಗೇಟಿನ ಪಕ್ಕದ ಕೋಣೆಯೇ ಮನೆ. ಕರುಪ್ಪಯ್ಯ ಹಳಿಯ ಪಕ್ಕ ಬಿದ್ದಿದ್ದ, ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಮರದಡಿ ನೆಟ್ಟು, ಅರಿಸಿನ ಬಳಿದು, ಮುನಿ ಎಂದು ಕೈಮುಗಿದರು. ಎಲ್ಲೆ ಕಾಯುವ ಉಗ್ರದೇವರು. ಶುಕ್ರವಾರ ಒಂದು ನಿಂಬೆಹಣ್ಣು, ಒಂದು ಚುಟ್ಟಾ. ಹಾದುಹೋಗುವಾಗ ಡ್ರೈವರುಗಳು ಮುನಿಗೆಂದೇ ಒಂದು ಸೀಟಿ ಹೆಚ್ಚು ಹಾಕುತ್ತಿದ್ದರಂತೆ. “ಗೇಟು ಹಾಕೋದು ಅಪ್ಪ, ಕಾಯೋದು ಅವನು. ನಮ್ಮ ಗೇಟಲ್ಲಿ ಒಂದು ಕೋಳೀನೂ ಸಾಯಲಿಲ್ಲ. ಅಪ್ಪ ಕುಡಿದು ಮಲಗಿದ್ದ ದಿನಾನೂ ಸಾಯಲಿಲ್ಲ ಅಂದ್ರೆ ಯೋಚನೆ ಮಾಡು!” ಎಂದು ನಗುತ್ತಾರೆ.

ಅಪ್ಪನ ನಂತರ ಅದೇ ಗೇಟು ಗಂಡನ ಪಾಲಿಗೆ ಬಂತು. ನೆಲ ಸಿಂಗಪುರದ್ದು, ರೈಲು ಮಲೇಷ್ಯಾದ್ದು, ಮನೆಯವರ ಪಾಸ್‌ಪೋರ್ಟೂ ಮಲೇಷ್ಯಾದ್ದೇ. ರೈಲು ಓಡುವ ತನಕ ಇದನ್ನು ಯಾರೂ ಕೇಳಲಿಲ್ಲ. ಕೊನೆಯ ರೈಲಿನ ದಿನ ಊರಿಗೆ ಊರೇ ಕ್ಯಾಮೆರಾ ಹಿಡಿದು ಬಂದು ಕಣ್ಣೀರಿಟ್ಟಿತು. ಮಾರನೆಯ ವಾರ ಅಂಜಲೈ ಪಾತ್ರೆ ಪಡಗ ಕಟ್ಟುವಾಗ ಅಳಲು ಯಾರೂ ಬರಲಿಲ್ಲ. ಕಡಲ ಸೇತುವೆಯಾಚೆ ಜೊಹೊರಿನಲ್ಲಿ, ಬಡವರ ಫ್ಲ್ಯಾಟೊಂದರ ಮೇಲಿನ ಮಹಡಿಯಲ್ಲಿ ಬಿಡಾರ ಹೂಡಿದರು. ಗೇಟಿಲ್ಲದ ಗಂಡ ಕಿಟಕಿಯ ಬಳಿ ಕೂತು ಕೂತೇ ಎರಡನೆಯ ವರ್ಷ ತೀರಿಕೊಂಡರು.

ಹೊಟ್ಟೆಪಾಡಿಗೆ ಅಂಜಲೈ ಮತ್ತೆ ಈಚೆಗೆ ಬಂದದ್ದು ಕೆಲಸದ ಪರ್ಮಿಟ್ಟಿನ ಮೇಲೆ. “ನಾನು ಹುಟ್ಟಿದ ಜಾಗ ಗುಡಿಸೋಕೆ ನನಗೆ ಪರ್ಮಿಟ್ಟು. ಅದೂ ಎರಡೆರಡು ವರ್ಷಕ್ಕೆ!” ಇಂದಿಗೂ ಕೋಳಿ ಕೂಗುವ ಮೊದಲೇ ಎದ್ದು, ಸಾವಿರಾರು ಜನರ ಸಾಲಿನಲ್ಲಿ ನಿಂತು, ಗಡಿ ದಾಟಿ ಬರುತ್ತಾರೆ. ಮನೆ ಇದ್ದ ಕಡೆ ಈಗ ಹುಲ್ಲು. ಕಲ್ಲು ಮಾತ್ರ ಜರೀಗಿಡದ ನಡುವೆ ಹಾಗೇ ಇತ್ತು. ಬಂದವರೇ ಮೊದಲು ಅಲ್ಲಿಗೆ ಹೋಗಿ ಒಂದು ಚುಟ್ಟಾ ಹಚ್ಚಿಟ್ಟು, ಮೇಲ್ವಿಚಾರಕರು ಬರುವ ಮೊದಲು ಬೂದಿಯನ್ನು ತಾವೇ ಗುಡಿಸುತ್ತಿದ್ದರು. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಈ ವರ್ಷ ಬಿತ್ತು. ಹಳೆಯ ಗೇಟಿನ ಜಾಗದಲ್ಲಿ ನಡೆದು ದಣಿದವರಿಗೆಂದು ಬೆಂಚು, ನೀರಿನ ನಲ್ಲಿ, ನಕ್ಷೆಯ ಫಲಕ ಬರಲಿವೆ. ನನ್ನಂಥವರಿಗಾಗಿಯೇ, ಹೇಳಲು ನಾಚಿಕೆಯಾಗುತ್ತದೆ. “ನಾಳೆ ಯಂತ್ರ ಬರುತ್ತೆ ಆಂಟಿ, ಆ ಕಲ್ಲು ಇವತ್ತೇ ತೆಗೀರಿ,” ಎಂದರು ಕ್ವೆಕ್.

“ನಾಲ್ಕು ಮಾರು ಆಚೆ ಇಡ್ಲಾ ಬಾಸ್? ಯಾರಿಗೂ ಅಡ್ಡ ಆಗಲ್ಲ.”

“ಒಬ್ಬ ದೇವರಿಗೆ ಜಾಗ ಕೊಟ್ರೆ ಮಿಕ್ಕವರು ಸುಮ್ನಿರ್ತಾರಾ? ನಾಳೆ ನೀವೇ ಚೀಲ ಹೊತ್ತು ಸಾಯ್ಬೇಕು.”

ಕ್ವೆಕ್ ಕೆಟ್ಟವರಲ್ಲ. ಅವರು ಹೇಳಿದ್ದು ತಪ್ಪೂ ಅಲ್ಲ, ಅದೇ ಸಂಕಟ. ನಿಮ್ಮಪ್ಪನದು ಎಂದು ಯಾಕೆ ಹೇಳಲಿಲ್ಲ ಎಂದು ಕೇಳುತ್ತೇನೆ. “ಹೇಳಿ? ಕೆಲಸದವಳೇ ಸರ್ಕಾರದ ನೆಲದಲ್ಲಿ ಗುಡಿ ಮಾಡ್ಕೊಂಡಿದ್ದಾಳೆ ಅಂತ ಮೇಲಿನವರು ಪರ್ಮಿಟ್ಟು ಕಿತ್ಕೊಳ್ಳೋಕಾ?”

ಕೈಯಿಂದಲೇ ಅಗೆದು ಕಲ್ಲನ್ನು ಎತ್ತಿದರು. ಡಿಪೋ ಚೀಲಕ್ಕೆ ಹಾಕಲಿಲ್ಲ, ಬುತ್ತಿಯ ಚೀಲಕ್ಕೆ ಹಾಕಿಕೊಂಡರು. ಗಡಿಯ ತಪಾಸಣೆಯ ಪರದೆಯ ಮೇಲೆ ಅದು ಕಪ್ಪಾಗಿ ಮೂಡಿತಂತೆ. ಚೀಲ ಬಿಚ್ಚಿಸಿದ ಮಲಯ್ ಹುಡುಗ ಕಣ್ಣರಳಿಸಿದ. ಅವನಿಗೆ ಅವರು ಮಕ್ಚಿಕ್, ಅಂದರೆ ಚಿಕ್ಕಮ್ಮ. “ಕಲ್ಲಾ ಮಕ್ಚಿಕ್? ನಮ್ಮ ಕಡೆ ಕಲ್ಲಿಗೂ ಬರ ಬಂತಾ?” ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಂಜಲೈಯೂ ನಕ್ಕರು. ಬಸ್ಸಿನಲ್ಲಿ ಕೂತ ಮೇಲೆ ಅತ್ತರು.

ಆದರೆ ಮುನಿ ಬಯಲ ದೇವರು, ಮನೆಯೊಳಗೆ ಇಡುವಂತಿಲ್ಲ. ಬಾಗಿಲಾಚೆ, ಚಪ್ಪಲಿ ಗೂಡಿನ ಪಕ್ಕ ಇಟ್ಟರು. ಎದುರುಮನೆಯ ತಮಿಳು ಹೆಂಗಸು ಸರೋಜಾ ಮೂರನೆಯ ದಿನ ಸೊಂಟಕ್ಕೆ ಕೈಯಿಟ್ಟು ನಿಂತರು. “ಅಕ್ಕಾ, ನನ್ನ ಮಗಳು ಬಸುರಿ. ಉಗ್ರದೇವರನ್ನ ಮೆಟ್ಟಿಲಲ್ಲಿ ಕೂರಿಸಿದ್ರೆ ಅವಳು ಓಡಾಡೋದು ಹೆಂಗೆ? ನಾಳೆ ಹೆಚ್ಚುಕಮ್ಮಿ ಆದ್ರೆ ನಿಮ್ಮನ್ನ ಕೇಳ್ಲಾ, ಅವನನ್ನ ಕೇಳ್ಲಾ?” ಹತ್ತಿರದ ದೇವಸ್ಥಾನದ ಪೂಜಾರಿ, ಮಂತ್ರ ಹೇಳಿ ಕೂರಿಸಿದ ದೇವರ ಪಕ್ಕ ದಾರಿಯ ಕಲ್ಲಿಗೆ ಜಾಗವಿಲ್ಲ ಎಂದರು. ಫ್ಲ್ಯಾಟಿನ ಕೆಳಗಿನ ಗೇಣು ಮಣ್ಣಿಗೂ ಸಿಮೆಂಟು ಬಳಿದಿದೆ.

ಹೋದ ಮಂಗಳವಾರ ಅಂಜಲೈ ಅದೇ ಬುತ್ತಿಚೀಲದಲ್ಲಿ ಕಲ್ಲನ್ನು ಮತ್ತೆ ಗಡಿ ದಾಟಿಸಿದ್ದಾರೆ. ಅತ್ತಿತ್ತ ನೋಡಿ, ಈ ದಾರಿಯ ಒಂದು ಮರದಡಿ ಇಟ್ಟು, ಹಿಂತಿರುಗಿ ನೋಡದೆ ನಡೆದಿದ್ದಾರೆ. ಇಷ್ಟು ವರ್ಷ ಯಾರಿಗೆ ಶಾಪ ಹಾಕಿದರೋ ಅವರೆಲ್ಲ ಮಾಡಿದ್ದೂ ಇದನ್ನೇ.

“ಈಗ ಬೈಯೋಕೆ ಬಾಯಿ ಬರಲ್ಲ,” ಎನ್ನುತ್ತಾರೆ. “ಅವರೂ ಹಿಂಗೇ ಬಾಗಿಲು ಬಾಗಿಲು ತಿರುಗಿ ಸೋತು ಬಂದಿದ್ರೋ ಏನೋ. ಪೇಪರಲ್ಲಿ ನನ್ನ ಹೆಸರು ಹಾಕು ತಂಬಿ, ಪರವಾಗಿಲ್ಲ. ಡಿಸೆಂಬರಿಗೆ ಪರ್ಮಿಟ್ಟು ಮುಗಿಯುತ್ತೆ, ವಯಸ್ಸಾಯ್ತು, ಇನ್ನು ಬೇಡ ಅಂದಿದ್ದಾರೆ. ಮರ ಯಾವುದು ಅಂತ ಮಾತ್ರ ಹಾಕ್ಬೇಡ.”

ಹಾಕುವುದಿಲ್ಲ. ಆದರೂ ಯಾರಾದರೂ ಕಂಡು ದೂರು ಕೊಟ್ಟರೆ?

“ಕೊಡ್ತಾರೆ. ಫೋನ್ ನನಗೇ ಬರುತ್ತೆ. ಎತ್ತಿ ಇನ್ನೊಂದು ಮರದಡಿ ಇಡ್ತೀನಿ. ಡಿಸೆಂಬರ್ ತನಕ ಅವನನ್ನ ಬೇರೆಯವರ ಕೈ ಮುಟ್ಟಲ್ಲ.” ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. “ಆಮೇಲೆ ಈ ಕಡೆ ಬರೋಕೆ ನನಗೆ ಕೆಲಸ ಇರಲ್ಲ, ಆ ಕಡೆ ಬರೋಕೆ ಅವನಿಗೆ ಜಾಗ ಇಲ್ಲ.”