ಗಂಗಾ ಯಾರ ಕೂಡ ಮಾತಾಡುತ್ತಿದ್ದಳು

ಗುಂಡಮ್ಮ ಯಾರನ್ನೂ ಒಂದೇ ಮಾತಿಗೆ ನಂಬಿದವಳಲ್ಲ. ಕಂಡಕ್ಟರು "ಉಪ್ಪಲ್, ಉಪ್ಪಲ್" ಎಂದು ಕೂಗುತ್ತಿದ್ದರೂ ಬಸ್ಸು ಎಲ್ಲಿಗೆಂದು ಅವನನ್ನೇ ಕೇಳುವಳು. ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳುವಳು. ಶಹಾಪುರದ ಕಡೆಯಿಂದ ತೆಲುಗು ಸೀಮೆಯ ಈ ಪಟ್ಟಣಕ್ಕೆ ದುಡಿಯಲು ಬಂದವಳು. ಗಂಡ ಸತ್ತ ಮೇಲೂ ಊರಿಗೆ ಮರಳದೆ, ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಮಗಳು ಗಂಗಾಳನ್ನು ಓದಿಸುತ್ತಿದ್ದಳು. ಅವರ ಖೋಲಿ ನಮ್ಮದಕ್ಕೆ ಹತ್ತಿಕೊಂಡೇ ಇತ್ತು. ನಡುವೆ ತೆಳ್ಳನೆಯ ಗೋಡೆ. ಬೇಡವೆಂದರೂ ಎಲ್ಲ ಕೇಳಿಸುತ್ತದೆ.

ಆ ವರ್ಷ ಗಂಗಾ ತೆಲುಗು ಮೀಡಿಯಮ್ಮಿನಲ್ಲಿ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಿದ್ದಳು. ಕಾಲೇಜು ದೂರವೆಂದು ಗುಂಡಮ್ಮನೇ ಸುಲ್ತಾನ್ ಬಜಾರಿನಿಂದ ಒಂದು ಹಳೇ ಮೊಬೈಲು ತಂದುಕೊಟ್ಟಿದ್ದಳು. ಕೊಟ್ಟ ಮೇಲೆ ಅನುಮಾನ ಶುರುವಾಯಿತು. ಸಂಜೆ ಕೆಲಸದಿಂದ ಬಂದು ನೋಡಿದರೆ ಮಗಳು ಮೂಲೆಯಲ್ಲಿ ಮೊಬೈಲು ಬಾಯಿಯ ಹತ್ತಿರ ಹಿಡಿದು ತೆಲುಗಿನಲ್ಲಿ ಮೆಲ್ಲಗೆ ಮಾತಾಡುತ್ತಿರುತ್ತಿದ್ದಳು. ತಾಯಿಯನ್ನು ಕಂಡರೆ ಥಟ್ಟನೆ ನಿಲ್ಲಿಸುವಳು. ಆಮೇಲೆ ಭಾಂಡೆ ತಿಕ್ಕುವಾಗ ಕಿವಿಗೆ ವಯರು ಸಿಕ್ಕಿಸಿಕೊಂಡು ತುಟಿ ಅಲ್ಲಾಡಿಸುವಳು.

"ನಮ್ಮನಿಯಾಗ ತೆಲುಗು ಯಾರಿಗೆ ಬೇಕ್ರಿ ಆಯಿ?" ಎನ್ನುತ್ತ ಗುಂಡಮ್ಮ ನನ್ನ ಹತ್ತಿರ ಬಂದು ಕೂತಳು. "ಇಟ್ಟಿಗಿ, ಸಿಮೆಂಟಿನ ತೆಲುಗು ನನಗೂ ತಿಳಿತೈತಿ. ಇಕಿ ಮಾತಾಡೂದು ಬ್ಯಾರೇನೇ ಐತಿ. ಯಾವನೋ ಓದಿದಾವ ಇರಬೇಕು."

"ಆ ಕಡಿ ದನಿ ಕೇಳಿಸಿತೇನು?"

"ಅದೇ ನೋಡ್ರಿ. ಇಕಿ ಒಬ್ಬಾಕಿನೇ ಮಾತಾಡ್ತಾಳ. ಹೆಣ್ಣಿನ ಮಾತು ಇಷ್ಟೊತ್ತು ಸುಮ್ನ ಕೇಳೂ ಗಂಡಸಂದ್ರ, ಅವ ಏನೋ ಹೂಡ್ಯಾನ."

ಗುಂಡಮ್ಮನ ತಮ್ಮ ಮಲ್ಲು ಮೊದಲಿನಿಂದಲೂ ಗಂಗಾಳನ್ನು ಮದುವೆಗೆ ಕೇಳುತ್ತಿದ್ದ. ಐತವಾರ ಬಾ, ಮಾತು ಮುಗಿಸೋಣ ಎಂದು ಅವಳು ಅವನಿಗೆ ಹೇಳಿ ಕಳಿಸಿದಳು. ಪರೀಕ್ಷೆ ಇನ್ನೂ ಮುಂದಿತ್ತು. ಮದುವೆ ಗೊತ್ತಾದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಸುದ್ದಿ ತಿಳಿದ ಗಂಗಾ ಅಳಲಿಲ್ಲ. ತಾಯಿಯನ್ನು ನನ್ನ ಬಾಗಿಲಿಗೇ ಕರೆತಂದು, ನನ್ನೆದುರು ಮೊಬೈಲಿನ ಗುಂಡಿ ಒತ್ತಿದಳು. "ಕೇಳು."

ಕೇಳಿಸಿದ್ದು ಗಂಗಾಳದೇ ದನಿ. ಉಂಡ ಅನ್ನ ಹೊಟ್ಟೆಯಲ್ಲಿ ಏನಾಗುತ್ತದೆ, ಕರುಳಿಗೆ ಹೇಗೆ ಇಳಿಯುತ್ತದೆ ಎಂದು ತೆಲುಗಿನಲ್ಲಿ ಹೇಳುತ್ತಿತ್ತು.

"ಇದನ್ನ ಯಾರಿಗೆ ಹೇಳಾಕತ್ತಿದ್ದಿ?" ಎಂದಳು ಗುಂಡಮ್ಮ.

"ನನಗ. ಪಾಠ ಓದಿ ಇದರಾಗ ತುಂಬತೀನಿ. ಬಸ್ಸಿನ್ಯಾಗ, ಭಾಂಡಿ ತಿಕ್ಕೂ ಮುಂದ ಕೇಳ್ತೀನಿ. ಪುಸ್ತಕ ಹಿಡದು ಕುಂದ್ರಾಕ ನೀ ಎಲ್ಲಿ ಬಿಡ್ತಿ?"

"ಮತ್ತ ನಾ ಬಂದ ಕೂಡ್ಲೆ ಯಾಕ ನಿಲ್ಲಸ್ತಿ?"

ಗಂಗಾ ಇನ್ನೊಂದು ಪಾಠ ಹಚ್ಚಿದಳು. ನಡುವೆಯೇ ಒಂದು ಒರಟು ದನಿ ನುಗ್ಗಿತು: "ಏ ಗಂಗೀ, ಟ್ಯಾಂಕರ ಬಂತು, ಕೊಡ ತಗೋ. ನಿನ್ನ ಬಾಯಿಗಿ ಬೆಂಕಿ ಹಚ್ಚ." ಹಿಂದೆಯೇ "ಬಂದೆ ಯವ್ವಾ" ಎಂಬ ಮಾತು. ಮತ್ತೆ ಪಾಠ.

ಗುಂಡಮ್ಮ ತನ್ನ ದನಿಯನ್ನು ಹಿಂದೆಂದೂ ಹೀಗೆ ಕೇಳಿದವಳಲ್ಲ. "ಇದು ನಾನೇನು?"

"ನೀನೇ. ಪಾಠದ ಸಂಗಾಟ ಇದೂ ನನಗ ಬಾಯಿಪಾಠ ಆಗೈತಿ."

ನನಗೆ ನಗು ತಡೆಯಲಾಗಲಿಲ್ಲ. ಗುಂಡಮ್ಮ ನಗಲಿಲ್ಲ. ಮೊಬೈಲನ್ನು ತಿರುಗಿಸಿ ಹಿಂಬದಿ ನೋಡಿ, "ಅವನ ಕೂಡ ಮಾತಾಡೂ ಇನ್ನೊಂದು ಸಿಮ್ ಕಾರ್ಡ್ ಎಲ್ಲಿಟ್ಟಿ?" ಎಂದಳು.

ಆದರೂ ಐತವಾರ ಮಲ್ಲು ಬಂದಾಗ ಅವನಿಗೆ ಊಟ ಮಾತ್ರ ಬಡಿಸಿದಳು. ಮದುವೆಯ ಮಾತು ಪರೀಕ್ಷೆ ಆದ ಮೇಲೆ ಎಂದಳು.

"ಅಕ್ಕಾ, ನೀನೇ ಕರಿಸಿದಿ," ಎಂದ ಅವನು.

"ಕರಿಸಿದ್ದೆ. ಈಗ ಉಂಡು ಹೋಗಂತೀನಿ."

ಅನುಮಾನವೇನೂ ಹೋಗಲಿಲ್ಲ. ಮಗಳು ಪಾಠ ತುಂಬುವಾಗ ಎದುರಿಗೇ ಕೂತು ಅವಳ ತುಟಿಯನ್ನೇ ನೋಡುತ್ತಿದ್ದಳು. ಒಂದು ದಿನ ಸಾರು ಕೊಡಲೆಂದು ನಾನು ಒಳಗೆ ಕಾಲಿಟ್ಟೆ. ಗುಂಡಮ್ಮ ತುಟಿಗೆ ಬೆರಳಿಟ್ಟು, ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದಳು.

"ಅಲ್ಲಿ ಮಾತಾಡಬ್ಯಾಡ್ರಿ ಆಯಿ," ಎಂದು ಕಿವಿಯಲ್ಲಿ ಹೇಳಿದಳು. "ಅದು ಎಲ್ಲಾ ಹಿಡಕೊಳ್ಳತೈತಿ."