ಲಾರಿ ಹಡಗಿನ ಕೊನೆ, ಒಂದು ಬೆರಳಿಗೆ

ಆಗ ಮನೆಗೊಂದು ಟಿವಿ ಬಂದಿರಲಿಲ್ಲ, ಬಂದ ಮನೆಯಲ್ಲಿ ಕರೆಂಟು ಇರುತ್ತಿರಲಿಲ್ಲ. ಹೀಗಾಗಿ ಎರಡು ಸಾವಿರದ ಇಸವಿ ದಾಟಿದ ಆ ಮೊದಲ ವರ್ಷಗಳಲ್ಲಿ ನಮ್ಮ ಬ್ಯಾಡಗಿಯಲ್ಲಿ ಸಿನಿಮಾ ನೋಡಿದವನಿಗಿಂತ ಸಿನಿಮಾ ಹೇಳುವವನಿಗೆ ಕಿಮ್ಮತ್ತು ಜಾಸ್ತಿ. ನೋಡಿದವನು ಅರ್ಧ ನೋಡಿರುತ್ತಿದ್ದ, ಹೇಳುವವನು ಪೂರ್ತಿ ಹೇಳುತ್ತಿದ್ದ. ಉಳಿದರ್ಧ ಎಲ್ಲಿಂದ ತಂದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಸಂಕ್ರಾಂತಿ ಮುಗಿದು ಮೆಣಸಿನಕಾಯಿ ಪೇಟೆಗೆ ಬರತೊಡಗಿತೆಂದರೆ ಊರಿಗೆ ಊರೇ ಸೀನುತ್ತಿತ್ತು. ಪಾಠ ಹೇಳುವ ಮಾಸ್ತರರೂ ಸೀನುತ್ತಿದ್ದರು, ಗುಡಿಯಲ್ಲಿ ಮಂಗಳಾರತಿ ಎತ್ತಿದ ಪೂಜಾರಿಯೂ ಸೀನುತ್ತಿದ್ದ. ಶಾಲೆ ಬಿಟ್ಟ ಮೇಲೆ ನಮ್ಮ ಠಿಕಾಣಿ ದೊಡ್ಡಪ್ಪನ ದಲಾಲಿ ಅಂಗಡಿಯ ಕಟ್ಟೆ. ಅಲ್ಲಿ ಒಟ್ಟಿದ ಚೀಲಗಳ ಮೇಲೆ ಹತ್ತಿ ಕೂತರೆ ಕೆಳಗಿನಿಂದ ಒಣ ಮೆಣಸಿನಕಾಯಿಯ ಸಿಹಿ ಘಾಟು, ಎದುರಿನ ಗಾಡಿಯಿಂದ ಗಿರ್ಮಿಟ್ಟಿನ ಈರುಳ್ಳಿ ವಾಸನೆ. ಕೂರುವವರು ನಾವು ಮೂವರು. ದೊಡ್ಡಪ್ಪನ ಮಗ ವೀರೇಶ, ನಮ್ಮ ಓಣಿಯ ಮೌಲಾ, ಮತ್ತು ನಾನು, ಕಸ್ತೂರಿ. ನನಗಾಗ ಹತ್ತು ವರ್ಷ, ಅವರಿಬ್ಬರೂ ಒಂದೆರಡು ವರ್ಷಕ್ಕೆ ದೊಡ್ಡವರು.

ಆ ವರ್ಷ ನಮಗೆ ಆಕಾಶದ ಹಡಗುಗಳ ಹುಚ್ಚು ಹಿಡಿದಿತ್ತು. ಭಾನುವಾರ ಮಧ್ಯಾಹ್ನ ಮೌಲಾನ ಮನೆಯ ಟಿವಿಯಲ್ಲಿ ಇಂಗ್ಲಿಷ್ ಸಿನಿಮಾಗಳು ಹಿಂದಿ ಮಾತಾಡಿಕೊಂಡು ಬರುತ್ತಿದ್ದವು. ಹಿಂದಿ ಬರುತ್ತಿದ್ದುದು ಮೌಲಾನಿಗೆ ಮಾತ್ರ. ಅವನು ಹೇಳಿದ್ದೇ ಅರ್ಥ. "ಚಾರ್ ಪ್ರಕಾಶ್ ವರ್ಷ್ ದೂರ್" ಎಂದು ಟಿವಿಯವರು ಅಂದಾಗ ಅವನು ಗಂಭೀರವಾಗಿ ಬಿಡಿಸಿ ಹೇಳಿದ್ದ: "ಪ್ರಕಾಶ ಅಂತ ಒಬ್ಬಾಂವ ಇದ್ದ. ಆಂವ ನಾಕು ವರ್ಷ ನಡದ್ರ ಎಷ್ಟು ದೂರ ಹೋಗ್ತಾನೋ, ಅಷ್ಟು ದೂರ."

"ನಡುವ ಊಟಕ್ಕ ಕುಂದ್ರಂಗಿಲ್ಲೇನಲೇ ಆಂವ?" ಎಂದು ವೀರೇಶ ಕೇಳಿದ್ದ.

"ಕುಂದ್ರತಾನ. ಅದನ್ನೂ ಹಿಡದ ನಾಕು ವರ್ಷ."

ಹೈಸ್ಕೂಲಿನಲ್ಲಿ ಜ್ಯೋತಿರ್ವರ್ಷದ ಪಾಠ ಬರುವವರೆಗೆ ನಾನು ಆ ಪ್ರಕಾಶನನ್ನು ನಂಬಿದ್ದೆ.

ಒಬ್ಬೊಬ್ಬರಿಗೂ ಒಂದೊಂದು ಹಡಗು ಸ್ವಂತ. ಅವುಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ನಾವೇ ಹೆಸರಿಟ್ಟಿದ್ದೆವು. ರೊಟ್ಟಿ ಸುಡುವ ಹಂಚಿನ ಹಾಗೆ ದುಂಡಗೆ ಚಪ್ಪಟೆಯಾಗಿ ಬರುವುದು ವೀರೇಶನ 'ಹಂಚು'. ತಿರುಗುತ್ತಲೇ ಇರುವ ದೊಡ್ಡದು ಮೌಲಾನ 'ಗಾಲಿ'. ನನ್ನದು 'ಲಾರಿ'. ಮೂಲೆ ಮೂಲೆಗೆ ನಗ್ಗಿದ, ಒಂದೊಂದು ತಗಡಿಗೆ ಒಂದೊಂದು ಬಣ್ಣ ಇದ್ದ, ಸರಕು ಹೊರುವ ಹಡಗು. ಅದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ನನಗೆ ಸಲೀಸಾಗಿ ಸಿಕ್ಕಿತ್ತು.

"ನನ್ನ ಹಂಚು ಸುಂಯ್ ಅಂತ ಬಂದ್ರ ಯಾರ ಕೈಗೂ ಸಿಗಾಂಗಿಲ್ಲ" ಎಂದು ವೀರೇಶ ಜಂಬ ಕೊಚ್ಚುತ್ತಿದ್ದ.

"ಎಷ್ಟು ಚೀಲ ಹಿಡಿತೈತಿ?" ನಾನು ಕೇಳುತ್ತಿದ್ದೆ.

"ಅದು ಚೀಲ ಹಾಕೂದಲ್ಲ, ಹಾರೂದು!"

"ಚೀಲ ಹಿಡಿಯಂಗಿಲ್ಲಂದ್ರ ಎದಕ್ಕ ಹಾರಬೇಕು? ಬಾಡಿಗಿ ಯಾರು ಕೊಡ್ತಾರ?"

ಮೌಲಾ ಚೀಲದ ಮೇಲೆ ಹೊರಳಾಡಿ ನಗುತ್ತಿದ್ದ. "ಈಕಿ ಚಂದ್ರನ ಮ್ಯಾಲ ಹೋದ್ರೂ, ವಾಪಸ್ ಬರೂವಾಗ ಲೋಡ್ ಸಿಗತೈತೇನ್ರಿ ಅಂತ ಕೇಳ್ತಾಳ."

ಕೇಳಲೇಬೇಕು. ಈಗ ರಾಣೆಬೆನ್ನೂರಿನಲ್ಲಿ ನನ್ನದೇ ಲಾರಿ ಬುಕಿಂಗ್ ಆಫೀಸಿದೆ, ನಾಲ್ಕು ಗಾಡಿಗಳಿವೆ. ಹೊಸದಾಗಿ ಗಾಡಿ ಕೊಳ್ಳುವ ಹುಡುಗರು ಸಲಹೆಗೆ ಬಂದರೆ ನಾನು ಹೇಳುವುದು ಇಷ್ಟೇ: ಹೋಗುವ ಬಾಡಿಗೆ ನೋಡಿ ಮರುಳಾಗಬೇಡಿ, ಬರುವ ಬಾಡಿಗೆ ಮೊದಲು ಗೊತ್ತು ಮಾಡಿಕೊಳ್ಳಿ. ಇದನ್ನು ನನಗೆ ಕಲಿಸಿದವರು ಅಪ್ಪ. ಅವರು ಬೇರೆಯವರ ಲಾರಿಗೆ ಡ್ರೈವರ್ ಆಗಿದ್ದರು. ಸುಗ್ಗಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಮುಂಬೈಗೆ ಹೋಗುತ್ತಿದ್ದರು.

ಆ ಸಲ ಹೋದವರು ಬರಬೇಕಾದ ದಿನಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಗಿನ ಡ್ರೈವರುಗಳ ಕೈಯಲ್ಲಿ ಮೊಬೈಲು ಎಲ್ಲಿಯದು? ದಾರಿಯ ಎಸ್‌ಟಿಡಿ ಬೂತಿನಿಂದ ಅವರು ಲಾರಿ ಮಾಲಕರಿಗೆ ಫೋನು ಮಾಡಬೇಕು, ಮಾಲಕರು ನಮಗೆ ಹೇಳಿ ಕಳಿಸಬೇಕು. ಅವ್ವ ಕೇಳಲು ಹೋದರೆ ಮಾಲಕರು, "ಬರ್ತಾನ ತಗೋವಾ, ಎಲ್ಲಿ ಹೋಗ್ತಾನ" ಎಂದು ಚಾ ತರಿಸಿದರಂತೆ. ಅವ್ವನಿಗೆ ಆ ಚಾ ತರಿಸಿದ್ದೇ ದಿಗಿಲಾಯಿತು. ಎಂದೂ ಕುಂದ್ರು ಅನ್ನದವರು ಚಾ ಯಾಕೆ ಕುಡಿಸಿದರು?

ಇಂಥ ದಿಗಿಲಿನಲ್ಲಿ ಬಂದ ಭಾನುವಾರ, ಅಲ್ಲಿಯವರೆಗೆ ಜಾಹೀರಾತಿನಲ್ಲಷ್ಟೇ ಕಂಡಿದ್ದ ನನ್ನ ಲಾರಿ ಹಡಗಿನ ಸಿನಿಮಾ. ನೀರಿಲ್ಲದ ಯಾವುದೋ ಲೋಕಕ್ಕೆ ಅದು ನೀರು ಹೇರಿಕೊಂಡು ಹೊರಟಿದೆ. ನಡುದಾರಿಯಲ್ಲಿ ಎಂಜಿನ್ ಕೆಟ್ಟಿದೆ. ಬಿಳಿ ಗಡ್ಡದ ಮುದುಕ ಒಬ್ಬನೇ ಓಡಿಸುತ್ತಿದ್ದಾನೆ. ಅವನ ಮುಂದೆ ಕೆಂಪು ಹಿಡಿಕೆ. ಎಳೆದರೆ ಲೋಡೆಲ್ಲ ಆಕಾಶಕ್ಕೆ ಬಿದ್ದು ಹಡಗು ಹಗುರಾಗುತ್ತದೆ, ಅವನು ಮನೆ ಮುಟ್ಟುತ್ತಾನೆ. ಎಳೆಯದಿದ್ದರೆ ಮುಟ್ಟುವ ಭರವಸೆಯಿಲ್ಲ. ಮುದುಕ ಕೈ ಮುಂದೆ ಮಾಡಿದ. ಅಷ್ಟಕ್ಕೆ ಕರೆಂಟು ಹೋಯಿತು.

ಮೌಲಾನ ಅವ್ವ, ನಾವು ಚಾಚಿ ಅನ್ನುತ್ತಿದ್ದೆವು, ಬೀಸಣಿಗೆ ತಂದು ಕೊಟ್ಟಳು. ನಾನು ಕಪ್ಪು ಪರದೆಯ ಮುಂದೆಯೇ ಕೂತಿದ್ದೆ. ಸಂಜೆ ಕರೆಂಟು ಬಂದಾಗ ಅಲ್ಲಿ ಯಾರೋ ಸಾಬೂನು ಮಾರುತ್ತಿದ್ದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಲೆಯಲ್ಲಿ ಒಂದು ಲೆಕ್ಕ ಗಂಟು ಬಿದ್ದಿತ್ತು. ಲಾರಿ ಹಡಗು ಮನೆ ಮುಟ್ಟಿದ್ದರೆ ಅಪ್ಪನ ಲಾರಿಯೂ ಮುಟ್ಟುತ್ತದೆ. ಇಲ್ಲದಿದ್ದರೆ ಇಲ್ಲ. ಯಾರಿಗೂ ಹೇಳಲಿಲ್ಲ. ರೊಟ್ಟಿ ಅರ್ಧಕ್ಕೆ ಬಿಟ್ಟು ಲಾರಿ ನಿಲ್ಲುವಲ್ಲಿಗೆ ಓಡುವುದು, ಅಲ್ಲಿಂದ ರಸ್ತೆಗೆ, ರಸ್ತೆಯಿಂದ ಮನೆಗೆ.

"ಕಾಲಾಗ ಗಾಲಿ ಅದಾವೇನು ನಿನಗ?" ಎಂದು ಅವ್ವ ಬೈದಳು. ಬೈಯುತ್ತಿದ್ದವಳ ಹಂಚಿನ ಮೇಲೆ ರೊಟ್ಟಿ ಕರಿಕಾಗುತ್ತಿತ್ತು.

ಅದೇ ವಾರ ಮೌಲಾ ಯಾರದೋ ನಿಶ್ಚಿತಾರ್ಥಕ್ಕೆಂದು ರಾಣೆಬೆನ್ನೂರಿನ ಮಾಮುವಿನ ಮನೆಗೆ ಹೋಗಿ ಬಂದ. ಬಂದವನೇ ಚೀಲ ಹತ್ತಿ ನಿಂತು ಸಾರಿದ: "ಲಾರಿ ಸಿನಿಮಾ ಮತ್ತ ಹಾಕಿದ್ರು. ಅಲ್ಲಿ ಕರೆಂಟ್ ಹೋಗಲಿಲ್ಲ. ಕೊನೀತನಕ ನೋಡೇನಿ."

ಇಲ್ಲಿ ನಮ್ಮ ಕಾಯಿದೆ ಹೇಳಬೇಕು. ನನ್ನ ಕಾಕಾ ಹಾವೇರಿ ದನದ ಸಂತೆಯಲ್ಲಿ ದಲಾಲಿ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಟವೆಲ್ ಕೆಳಗೆ ಕೈ ಹಾಕಿ ಒಬ್ಬರ ಬೆರಳು ಒಬ್ಬರು ಹಿಡಿದು ಕೇಳುತ್ತಾರೆ, ಇಳಿಸುತ್ತಾರೆ, ಏರಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಅದನ್ನೇ ನಾವು ಸಿನಿಮಾಗಳಿಗೆ ಇಳಿಸಿಕೊಂಡಿದ್ದೆವು. ಒಂದು ಬೆರಳೆಂದರೆ ಕೊಂಡವರು ಬದಲಿಗೆ ಒಂದು ಸಿನಿಮಾವನ್ನು ಸಪ್ಪಳ ಸಮೇತ ಹೇಳಿ ತೀರಿಸಬೇಕು. ಇನ್ನೊಂದು ಕಾಯಿದೆ, ಹಡಗು ಯಾರದೋ ಅದರ ಕೊನೆ ಮೊದಲು ಅವರದು. ಅವರು ಕೊಳ್ಳುವ ತನಕ ಬೇರೆಯವರು ಕೇಳುವಂತಿಲ್ಲ.

ಮೌಲಾ ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದ. ಕೊನೆ ಎಂದರೆ ಇಡೀ ಸಿನಿಮಾಕ್ಕಿಂತ ತುಟ್ಟಿ, ಐದೂ ಬೆರಳು ಹಿಡಿಯುತ್ತಾನೆ ಅಂದುಕೊಂಡಿದ್ದೆ. ಮೂರಕ್ಕೆ ಇಳಿಸಬೇಕು, ಆಗದಿದ್ದರೆ ಐದೇ ಕೊಟ್ಟುಬಿಡಬೇಕು ಎಂದು ತಯಾರಾಗಿದ್ದೆ.

ಅವನು ನನ್ನ ಕಿರುಬೆರಳೊಂದನ್ನೇ ಹಿಡಿದ.

ನಾನು ಕಾದೆ. ಮುಂದಿನ ಬೆರಳಿಗೆ ಅವನ ಕೈ ಹೋಗಲಿಲ್ಲ. ಮುಖ ನೋಡಿದೆ. ಅವನು ಬೇರೆಲ್ಲೋ ನೋಡುತ್ತಿದ್ದ.

ಕಾಕಾ ಹೇಳುತ್ತಿದ್ದ ಮಾತು ಕಿವಿಯಲ್ಲಿ ಕೇಳಿಸಿತು: "ಮಾರಾಂವ ತಾನಾಗೇ ಇಳದಾ ಅಂದ್ರ, ಎತ್ತಿನ ಬಾಯಿ ತಗದು ಹಲ್ಲು ನೋಡವಾ." ಐದು ಕೇಳಬಹುದಾದವನು ಒಂದಕ್ಕೆ ನಿಂತಿದ್ದಾನೆ. ಅಂದರೆ ಮಾಲು ಕೆಟ್ಟದ್ದು. ಅಂದರೆ ಹಡಗು ಬಂದಿಲ್ಲ.

ಕೈ ಕಿತ್ತುಕೊಂಡೆ. "ನನಗ ಬ್ಯಾಡ."

"ತಗೋ, ಕಸ್ತೂರಿ!" ವೀರೇಶ ಹಾರಾಡಿದ. "ನೀ ಕೊಳ್ಳಲಿಲ್ಲಂದ್ರ ನನಗೂ ಕೇಳಾಕ ಆಗಂಗಿಲ್ಲ. ಎಷ್ಟು ಕೇಳಿದಾ? ಐದೂ ಕೇಳಿದ್ರೂ ಕೊಡು. ಮೂರು ನಾನು ತೀರಸ್ತೇನಿ."

"ಬ್ಯಾಡಂದ್ರ ಬ್ಯಾಡ."

ಮೌಲಾ ಬೆಪ್ಪಾಗಿ ಕೂತಿದ್ದ. "ಅಲ್ಲ, ಒಂದ... " ಎಂದು ಬಾಯಿ ತೆರೆದ. ಟವೆಲಿನ ಕೆಳಗಿನದನ್ನು ಬಾಯಲ್ಲಿ ಆಡಬಾರದೆಂದು ನೆನಪಾಗಿ ಮುಚ್ಚಿಕೊಂಡ. ನಾನು ಚೀಲದಿಂದ ಧುಮುಕಿ ಓಡಿದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಅಂಗಾಲು ತುರಿಸುತ್ತದೆ. ಮೌಲಾನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದೆ. ಅವನ ಬಾಯಿಂದ ಕೊನೆ ಹೊರಬೀಳದಿದ್ದರೆ ಅಪ್ಪ ಇನ್ನೂ ದಾರಿಯಲ್ಲಿದ್ದಾರೆ ಎಂದೇ ಲೆಕ್ಕ. ಒಮ್ಮೆ ಅವನು ಶಾಲೆಯ ನಳದ ಹತ್ತಿರ ಅಡ್ಡಗಟ್ಟಿ, "ಕಸ್ತೂರಿ, ಕೇಳಿಲ್ಲೆ, ಆ ಹಡಗ..." ಅಂದ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಜೋರಾಗಿ ಮಗ್ಗಿ ಹೇಳಿದೆ. ಅವನು ಹಣೆ ಬಡಿದುಕೊಂಡು ಹೋದ. ಮನೆಯಲ್ಲಿ ಅವ್ವ ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತಿದ್ದಳು. ತೊಳೆದ ಪಾತ್ರೆ ತೊಳೆಯುವುದು, ಹಸನು ಮಾಡಿದ ಜೋಳ ಮತ್ತೆ ಹಸನು ಮಾಡುವುದು. ಹೊರಗೆ ಯಾವ ಲಾರಿ ಗೇರು ಬದಲಿಸಿದರೂ ಇಬ್ಬರೂ ಒಟ್ಟಿಗೇ ಬಾಗಿಲಿಗೆ ಬರುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋಗುತ್ತಿದ್ದೆವು.

ಅಪ್ಪ ಒಂದು ಮಧ್ಯಾಹ್ನ ನಡೆದುಕೊಂಡು ಬಂದರು. ಅಂಗಿ ತುಂಬ ಗ್ರೀಸು, ಗಡ್ಡ ಬೆಳೆದಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ಯಾಕವಾ, ಹಿಂಗ್ಯಾಕ ನೋಡಾಕತ್ತೀದಿ? ಚಾಕ್ಕಿಡಂತ ಹೇಳು ನಿಮ್ಮವ್ವಗ" ಎಂದರು. ಘಟ್ಟದಲ್ಲಿ ಲಾರಿಯ ಅಚ್ಚು ಮುರಿದಿತ್ತಂತೆ. ಹೊಸದು ಬರುವ ತನಕ ಲೋಡು ಬಿಟ್ಟು ಕದಲುವಂತಿರಲಿಲ್ಲವಂತೆ. ಫೋನು ಮಾಡಿಸಿದ್ದರಂತೆ, ಮಾಲಕರ ಲೈನು ಸತ್ತಿತ್ತಂತೆ. ಅವ್ವ ಒಲೆ ಮುಂದೆ ಕೂತು, ಮೆಣಸಿನಕಾಯಿ ಘಾಟು ಎಂದು ಕಣ್ಣೊರೆಸಿಕೊಂಡಳು.

ನಾನು ಓಡಿದ್ದು ಮೌಲಾನ ಮನೆಗೆ.

"ಈಗ ಹೇಳು. ಹಡಗು ಏನಾತು?"

"ಬಂತಲ್ಲ" ಎಂದ ಅವನು. "ಮುದುಕ ಹಿಡಿಕಿ ಎಳಿಲೇ ಇಲ್ಲ. ಲೋಡೂ ಬಂತು, ಹಡಗೂ ಬಂತು. ಒಂದು ಬಾಗಲಾ ಕಿತ್ತು ಹೋಗಿತ್ತು, ಅಷ್ಟ."

"ಮತ್ತ ಒಂದ ಬೆರಳು ಯಾಕ ಹಿಡದಿ? ಚಲೋ ಕೊನಿ ಇತ್ತಂದ್ರ ಐದು ಕೇಳಬೇಕಿಲ್ಲೋ?"

ಮೌಲಾ ಸಿಟ್ಟಿನಿಂದಲೇ ಹೇಳಿದ: "ನಿಮ್ಮಪ್ಪ ಬಂದಿರಲಿಲ್ಲ. ನಿನ್ನ ಮಾರಿ ನೋಡಾಕ ಆಗತಿದ್ದಿಲ್ಲ. ಪುಕ್ಕಟ ಹೇಳೂನಂತ ಇದ್ದೆ. ಪುಕ್ಕಟ ಕೊಟ್ರ ನೀ ಸಂಶೆ ಪಡ್ತಿ, ತಗೊಳ್ಳಂಗಿಲ್ಲ. ಅದಕ್ಕ ಒಂದು ಹಿಡದೆ."

ಈಗ ಬ್ಯಾಡಗಿಯ ಮೆಣಸಿನಕಾಯಿ ವರ್ಷವಿಡೀ ಕೋಲ್ಡ್ ಸ್ಟೋರೇಜಿನಲ್ಲಿ ಕೂರುತ್ತದೆ. ಚೀಲ ಹತ್ತುವ ಮಕ್ಕಳನ್ನು ನಾನು ಕಂಡಿಲ್ಲ. ನನ್ನ ಮಗ ಹಡಗಿನ ಸಿನಿಮಾಗಳನ್ನು ಮೊಬೈಲಿನಲ್ಲಿ ಒಬ್ಬನೇ ನೋಡುತ್ತಾನೆ, ಬೇಸರವಾದರೆ ಬೆರಳಿನಿಂದ ಎಳೆದು ಕೊನೆಗೆ ಹೋಗುತ್ತಾನೆ. ನನ್ನ ನಾಲ್ಕು ಗಾಡಿಗಳು ಎಲ್ಲಿವೆಯೆಂದು ಪರದೆಯ ಮೇಲೆ ಚುಕ್ಕೆ ತೋರಿಸುತ್ತದೆ. ಡ್ರೈವರುಗಳ ಮನೆಯವರಿಗೂ ಅದನ್ನು ಹಾಕಿಸಿ ಕೊಟ್ಟಿದ್ದೇನೆ, ನೀವು ಗಾಡಿ ಇಟ್ಟವರಾದರೆ ನೀವೂ ಹಾಕಿಸಿ ಕೊಡಿ. ಯಾವ ಮಗುವೂ ಬಾಗಿಲಿಗೆ ಓಡುವುದು ಬೇಡ. ಮೌಲಾ ಹಾವೇರಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ಹಬ್ಬಕ್ಕೆ ಫೋನು ಮಾಡುತ್ತೇವೆ. ಈಚೆಗೆ ಅದೂ ಫೋನಿಗೆ ಬರುವ ಚಿತ್ರಗಳಷ್ಟೇ ಆಗಿದೆ.

ವ್ಯಾಪಾರಕ್ಕೆ ಇಳಿದ ಮೇಲೆ ಕೇಳದೆಯೇ ನನಗೆ ಬೆಲೆ ಇಳಿಸಿದವರು ಬಹಳ ಮಂದಿ. ಪ್ರತಿಸಲವೂ ಒಂದು ಕ್ಷಣ, ಇವನೂ ಮೌಲಾನ ಹಾಗೇನೋ ಎಂದು ಆಸೆಯಾಗುತ್ತದೆ. ಆಮೇಲೆ ಮಾಲು ತಿರುವಿ ನೋಡುತ್ತೇನೆ. ಹುಳುಕು ಇದ್ದೇ ಇರುತ್ತದೆ.