ಹೊಲಿಗೆ ಟೀಚರ ಪೆನ್ಶನ್ ಅರಸೀಕೆರೆಗೆ ಬಂದದ್ದು

ಮೊನ್ನೆ ಬೀರು ಜಾಲಾಡುವಾಗ ತಳದಲ್ಲಿ ಒಂದು ರವಿಕೆ ಸಿಕ್ಕಿತು. ಕಾಫಿಪುಡಿ ಬಣ್ಣದ್ದು, ತೋಳಿಗೆ ಸಣ್ಣ ಹಸಿರು ಅಂಚು. ಒಮ್ಮೆಯೂ ತೊಟ್ಟಿರಲಿಲ್ಲ. ಹಾಕಿಕೊಂಡು ನೋಡಿದರೆ ಬಗಲಲ್ಲಿ ಬಿಗಿ, ಕೊಕ್ಕೆಗಳು ಒಂದರ ಮುಖ ಒಂದು ನೋಡಲೊಲ್ಲವು. ಕಂಡದ್ದನ್ನೆಲ್ಲ ತಿಂದವಳು ನಾನೇ ಆದ್ದರಿಂದ ಬೈಯುವುದಕ್ಕೂ ಯಾರೂ ಇರಲಿಲ್ಲ. ಒಳಮೈ ತಿರುಗಿಸಿದಾಗ ಮೆಷಿನ್ ಎಣ್ಣೆಯ ವಾಸನೆ ಬಹಳ ಸಣ್ಣಗೆ ಬಂತು... ಹೊಲಿಗೆಯ ಎರಡೂ ಕಡೆ ಬೆರಳಗಲ ಬಟ್ಟೆಯನ್ನು ಮಡಚಿ ಒಳಗೇ ಬಿಟ್ಟಿತ್ತು. ಇಷ್ಟು ಧಾರಾಳವಾಗಿ ಬಟ್ಟೆ ಬಿಡುತ್ತಿದ್ದವರು ನನಗೆ ಗೊತ್ತಿದ್ದ ಹಾಗೆ ಒಬ್ಬರೇ, ಹಳೇಬೀಡಿನ ನಮ್ಮ ಹೊಲಿಗೆ ಟೀಚರು.

ಹೈಸ್ಕೂಲಿನಲ್ಲಿ ನಮಗೆ ವಾರಕ್ಕೆ ಎರಡು ಪೀರಿಯಡ್ ಹೊಲಿಗೆ ಇರುತ್ತಿತ್ತು. ಅದೇ ಶಾಲೆಯಲ್ಲಿ ನನ್ನ ಅಪ್ಪ ಪಿ.ಟಿ. ಮೇಷ್ಟ್ರು. ಆ ಸಲುಗೆಗೆ ಟೀಚರು ನನ್ನನ್ನು ಉಳಿದವರಿಗಿಂತ ಒಂದು ಪಾಲು ಹೆಚ್ಚೇ ಬೈಯುತ್ತಿದ್ದರು. ಕಾಜ ಸೊಟ್ಟಗಾದರೆ ಬಿಚ್ಚು, ಅಂಚು ಏರುಪೇರಾದರೆ ಬಿಚ್ಚು. ಬಿಚ್ಚಿದ ದಾರವನ್ನು ಬಿಸಾಡುವ ಹಾಗಿರಲಿಲ್ಲ. ಅದು ಅವರ ಬಿಸ್ಕತ್ತಿನ ಡಬ್ಬಿಗೆ ಹೋಗಬೇಕು, ಮುಂದಿನ ವಾರ ಅದೇ ದಾರದಲ್ಲಿ ಟಾಕಾ ಹಾಕಿಸುತ್ತಿದ್ದರು. ದಾರದಲ್ಲಿ ಇಷ್ಟು ಕೈಬಿಗಿ ಮಾಡುವ ಹೆಂಗಸು ಬಟ್ಟೆಯಲ್ಲಿ ಮಾತ್ರ ಧಾರಾಳಿ. ಬೆಳೆಯುವ ಮೈಗೆ ಹೊಲಿಯುವಾಗ ಒಳಗೆ ಜಾಗ ಇರಬೇಕು ಅನ್ನುತ್ತಿದ್ದರು. ನಾನು ಬೆಳೆದು, ಮದುವೆಯಾಗಿ, ಎರಡು ಮಕ್ಕಳ ತಾಯಾದ ಮೇಲೂ ನನಗೆ ಜಾಗ ಬಿಡುತ್ತಲೇ ಇದ್ದರು. ಅವರ ಅಂದಾಜು ತಪ್ಪಿರಲಿಲ್ಲ ಅನ್ನುವುದು ಈಗ ಕಾಣುತ್ತಿದೆ.

ಬಸದಿಯ ಹತ್ತಿರದ ಬೀದಿಯಲ್ಲಿ ಅವರೊಬ್ಬರೇ ಇದ್ದರು. ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿಬಿಡುವವರು, ಆಮೇಲೆ ಏನಿದ್ದರೂ ಒಂದು ಲೋಟ ನೀರು. ಅಪ್ಪ ಸಂಜೆ ಆಟದ ಬಯಲಿನಿಂದ ಬರುತ್ತಾ ಅವರ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಒಂದಿಷ್ಟು ಹರಟೆ ಹೊಡೆಯುತ್ತಿದ್ದರು. ಅಪ್ಪನ ಶಿಳ್ಳೆಯ ದಾರ ಹರಿದಾಗಲೆಲ್ಲ ಹೊಸದು ಹೆಣೆದು ಕೊಡುತ್ತಿದ್ದವರು ಟೀಚರೇ. ಇಬ್ಬರೂ ಒಬ್ಬರ ಹೆಸರು ಒಬ್ಬರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಟೀಚರೇ, ಮೇಷ್ಟ್ರೇ, ಅಷ್ಟೇ.

ನಿವೃತ್ತರಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಮನೆಯಲ್ಲಿದ್ದ ನಾಲ್ಕಾರು ಹುಡುಗಿಯರನ್ನು ಸೇರಿಸಿಕೊಂಡು ಶಾಲೆಗಳ ಯೂನಿಫಾರಂ ಹೊಲಿಸುತ್ತೇನೆಂದು ಹೊರಟರು. ಮೋಟಾರ್ ಮೆಷಿನ್‌ಗಳು ಬಂದವು. ಅದಕ್ಕೆ ಬೇಲೂರಿನ ಒಂದು ಸೊಸೈಟಿಯಲ್ಲಿ ಸಾಲ, ಜಾಮೀನಿಗೆ ಅಪ್ಪನ ಸಹಿ. ಟೀಚರ ಪೆನ್ಶನ್ ಹಳೇಬೀಡಿನ ಬ್ಯಾಂಕಿಗೆ ಬರುತ್ತಿತ್ತು, ಸಾಲದ ಕಂತು ಅದೇ ಅಕೌಂಟಿನಿಂದ ತಿಂಗಳು ತಿಂಗಳು ತಾನಾಗಿ ಕಟಾವಾಗುತ್ತಿತ್ತು. ಒಂದೆರಡು ವರ್ಷ ಮೆಷಿನ್‌ಗಳು ಚೆನ್ನಾಗಿಯೇ ಓಡಿದವು. ಆಮೇಲೆ ಶಾಲೆಗಳಿಗೆ ರೆಡಿಮೇಡ್ ಬಂತು, ಹುಡುಗಿಯರು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು, ಸಾಲ ಉಳಿಯಿತು.

ಟೀಚರಿಗೆ ಸಾಲದ ಚಿಂತೆ ಇರಲಿಲ್ಲ. ಮಾಡಿದ್ದೇನೆ, ತೀರಿಸುತ್ತೇನೆ ಅನ್ನುವ ಧೈರ್ಯದ ಹೆಂಗಸು. ಅವರ ನಿದ್ದೆ ಕೆಡಿಸಿದ್ದು ಬ್ಯಾಂಕಿನ ಚಾರ್ಜು. ಕಾರ್ಡಿಗೊಂದು, ಮೆಸೇಜಿಗೊಂದು, ಅಕೌಂಟಿನಲ್ಲಿ ದುಡ್ಡು ಕಡಿಮೆಯಾದರೆ ಇನ್ನೊಂದು. ನನ್ನೆದುರು ಕೂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಹೆಚ್ಚೇನಿಲ್ಲ ಕಣೇ, ಒಂದು ರೀಲ್ ದಾರದ ದುಡ್ಡು. ಕೇಳಿದ್ರೆ ನಾನೇ ಕೊಡ್ತಿದ್ದೆ. ನನ್ನ ಒಂದು ಮಾತೂ ಕೇಳ್ದೆ ತಗೊಂಡವ್ರಲ್ಲ, ಅದು ನಂಗೆ ಆಗಲ್ಲ."

ಅರಸೀಕೆರೆಯ ಒಂದು ಬ್ಯಾಂಕಿನಲ್ಲಿ ಪೆನ್ಶನ್‌ದಾರರಿಗೆ ಯಾವ ಚಾರ್ಜೂ ಇಲ್ಲ ಎಂದು ಯಾರೋ ಹೇಳಿದರು. ಅಷ್ಟು ದೂರ ಯಾಕೆ ಅನ್ನುವ ಹಾಗೂ ಇರಲಿಲ್ಲ, ಅಷ್ಟರಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆಗಿತ್ತು. ಟೀಚರು ಪೆನ್ಶನ್ನನ್ನು ಅರಸೀಕೆರೆಗೆ ಹಾಕಿಸಿಕೊಂಡರು. ಹಳೇಬೀಡಿನ ಅಕೌಂಟಿನಲ್ಲಿದ್ದ ದುಡ್ಡನ್ನೂ ತೆಗೆದರು. ಮೆಸೇಜು ಬೇಡ ಅಂದರು. ಕರೆನ್ಸಿ ದಂಡ ಎಂದು ಹಳೇ ಸಿಮ್ಮನ್ನೂ ಬಿಟ್ಟು ಇನ್ನೊಂದು ತಗೊಂಡರು.

ಅದರಿಂದ ಲಾಭವಾದದ್ದು ನನಗೆ. ನಾನು ಅರಸೀಕೆರೆಯಲ್ಲೇ ಮದುವೆಯಾಗಿ, ಅಲ್ಲೇ ಒಂದು ಶಾಲೆಯಲ್ಲಿ ಟೀಚರಾಗಿದ್ದೇನೆ. ತಿಂಗಳ ಮೊದಲ ಶನಿವಾರ ಅವರು ಬ್ಯಾಂಕಿನ ಕೆಲಸ ಮುಗಿಸಿ ನೇರ ನಮ್ಮ ಮನೆಗೆ ಬರುತ್ತಿದ್ದರು. ಬೆಳಗಿನ ಶಾಲೆ ಮುಗಿಸಿ ನಾನೂ ಬಂದಿರುತ್ತಿದ್ದೆ. ಒಟ್ಟಿಗೆ ಊಟ, ಒಂದಿಷ್ಟು ಬೈಗುಳ, ಆಮೇಲೆ ಹೊತ್ತು ಮುಳುಗುವ ಮುಂಚೆ ಊರು ಸೇರಬೇಕೆಂದು ಜಾವಗಲ್ ಮೇಲಿನ ಬಸ್ಸಿಗೆ ಓಟ. ಪೆನ್ಶನ್‌ನಲ್ಲಿ ಅಲ್ಪಸ್ವಲ್ಪ ಬಿಡಿಸಿಕೊಳ್ಳುತ್ತಿದ್ದರು, ಅಷ್ಟೇ. ರವಿಕೆ ಹೊಲಿದು ಬಂದದ್ದರಲ್ಲೇ ಅವರ ದಿನದ ಖರ್ಚು ನಡೆಯುತ್ತಿತ್ತು.

ಸಾಲದ ಕಂತು ಏನು ಮಾಡಿದಿರಿ ಎಂದು ನಾನು ಒಮ್ಮೆ ಕೇಳಿದ್ದುಂಟು. ಟೀಚರು ನನ್ನನ್ನು ಕಾಜ ಬಾರದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

"ಕಣಕಟ್ಟೆ ಸ್ಕೂಲಿಂದ ಗಂಡಸಿ ಸ್ಕೂಲಿಗೆ ವರ್ಗ ಹಾಕುದ್ರು, ನನ್ನ ಸಾಲನೂ ಜೊತೆಗೇ ಬಂತು. ಗಂಡಸಿಯಿಂದ ಹಳೇಬೀಡಿಗೆ ಹಾಕುದ್ರು, ಆಗ್ಲೂ ಬಂತು. ಸಂಬಳ ಹೋದ ಕಡೆ ಕಟಾವಣೆ ಬತ್ತದೆ ಕಣೇ, ಅದನ್ನೇನು ಕರೀಬೇಕಾ?"

ಹೌದಲ್ಲ ಅನ್ನಿಸಿತು. ನಾನೂ ಸರ್ಕಾರಿ ಸಂಬಳದವಳೇ. ವರ್ಗವಾದರೆ ಸಂಬಳದ ಕಾಗದದ ಜೊತೆ ಸಾಲದ ಕಾಗದವೂ ಹೊಸ ಊರಿಗೆ ಬರುವುದನ್ನು ಕಂಡವಳು. ಆದರೆ ಬ್ಯಾಂಕಿನ ಅಕೌಂಟಿಗೆ ಆ ಪದ್ಧತಿ ಇಲ್ಲ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಸೊಸೈಟಿಯ ಕಂತು ಪ್ರತಿ ತಿಂಗಳೂ ಹಳೇಬೀಡಿನ ಖಾಲಿ ಅಕೌಂಟಿಗೆ ಹೋಗಿ ಬರಿಗೈಯಲ್ಲಿ ವಾಪಸಾಗುತ್ತಿತ್ತು. ಸೊಸೈಟಿಯವರು ಫೋನು ಮಾಡಿದ್ದು ಬಿಟ್ಟುಹೋದ ಸಿಮ್ಮಿಗೆ. ಕೊನೆಗೆ ಅವರು ನಿಯಮದ ಪ್ರಕಾರ ಜಾಮೀನು ಹಾಕಿದವರ ಸಂಬಳಕ್ಕೆ ಕೈಹಾಕಿದರು.

ಅಪ್ಪ ಇದನ್ನು ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಇಲ್ಲ, ನನಗೂ ಇಲ್ಲ. ಸಂಬಳ ಕಟ್ಟಾಗುತ್ತಿದ್ದದ್ದು ಸ್ಟಾಫ್ ರೂಮಿಗೆ ಮಾತ್ರ ಗೊತ್ತಾಗಿ, ಸಾಲ ಇರುವವರು ಅಷ್ಟು ದೂರದ ಊರಿಗೆ ಅಕೌಂಟ್ ಯಾಕೆ ಸಾಗಿಸುತ್ತಾರೆ ಎಂದು ಅಲ್ಲಿ ಮಾತಾಗುತ್ತಿತ್ತಂತೆ. ಅಪ್ಪ ಆ ಮಾತಿಗೆ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಆ ತಿಂಗಳುಗಳಲ್ಲೇ ಒಂದು ಶನಿವಾರ ಟೀಚರು ಉಣ್ಣುತ್ತಾ ಉಣ್ಣುತ್ತಾ ಅಪ್ಪನ ವಿಷಯ ತೆಗೆದಿದ್ದರು. ಮೇಷ್ಟ್ರು ಈಗ ಗೇಟಿನ ಹತ್ತಿರ ನಿಲ್ಲುವುದಿಲ್ಲ, ಬೆಲ್ ಹೊಡೆದುಕೊಂಡು ಹೋಗಿಬಿಡುತ್ತಾರೆ, ಮಂಡಿ ನೋವೇನಾದರೂ ಇದೆಯಾ ಎಂದು ಕೇಳಿದರು. ಇರಬಹುದು ಅಂದೆ. ಅವರು ಒಂದು ಎಣ್ಣೆಯ ಹೆಸರು ಹೇಳಿ, ರಾತ್ರಿ ಬಿಸಿ ಮಾಡಿ ಹಚ್ಚಿಕೊಳ್ಳಬೇಕಂತೆ ಎಂದು ತಿಳಿಸುವುದಕ್ಕೆ ಹೇಳಿದರು...

ಗುಟ್ಟು ಬಯಲಾದದ್ದು ಬ್ಯಾಂಕಿನ ಕೌಂಟರಿನಲ್ಲಿದ್ದ ಒಂದು ಹುಡುಗಿಯಿಂದ. ಇಷ್ಟೊಂದು ದುಡ್ಡು ಸುಮ್ಮನೆ ಬಿಟ್ಟಿದ್ದೀರಲ್ಲ ಮೇಡಂ, ಎಫ್‌ಡಿ ಮಾಡಿ ಎಂದಳಂತೆ. ಪಾಪ, ಒಳ್ಳೆಯದಕ್ಕೇ ಹೇಳಿದಳು. ಇಷ್ಟೊಂದು ದುಡ್ಡು ಎಲ್ಲಿಂದ ಬಂತು ಎಂದು ಟೀಚರು ಕೇಳಿದರು. ನಿಮ್ಮದೇ ಪೆನ್ಶನ್ನು, ಇದರಲ್ಲಿ ಯಾವ ಕಟಾವಣೆಯೂ ಇಲ್ಲವಲ್ಲ ಎಂದಳು. ಅಲ್ಲಿಂದಲೇ ಸೊಸೈಟಿಗೆ ಫೋನು ಹಚ್ಚಿದರೆ, ಏನೂ ಗಾಬರಿಯಿಲ್ಲಮ್ಮ, ನಿಮ್ಮ ಜಾಮೀನುದಾರರ ಸಂಬಳದಲ್ಲಿ ಸರಿಯಾಗಿ ಬರುತ್ತಿದೆ ಎಂಬ ಉತ್ತರ.

ಅಲ್ಲಿಂದ ಅವರು ನೇರ ನಮ್ಮ ಮನೆಗೆ ಬಂದರು. ಚೀಲದಲ್ಲಿ ಬ್ಯಾಂಕಿನಿಂದ ಬಿಡಿಸಿದ ದುಡ್ಡು, ಅದರ ಮೇಲೆ ನನಗೆಂದು ಹೊಲಿದು ತಂದಿದ್ದ ಈ ರವಿಕೆ. ರವಿಕೆಯನ್ನು ನನ್ನ ಕೈಗೆ ತುರುಕಿ ನಡೆದದ್ದನ್ನೆಲ್ಲ ಹೇಳಿದರು. ಅಪ್ಪನಿಗೆ ಫೋನು ಮಾಡುತ್ತೇನೆ ಅಂದೆ. ಫೋನಲ್ಲಿ ಬೇಡ ಅಂದರು. ಬಡಿಸಿದ ಅನ್ನ ತಟ್ಟೆಯಲ್ಲೇ ಉಳಿಯಿತು. ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಚೀಲದ ಕಿವಿಯನ್ನು ತಿರುಚುತ್ತಾ ಕಿಟಕಿಯಾಚೆ ನೋಡುತ್ತಿದ್ದರು.

ಬಸ್ಸು ಬಾಣಾವರದ ಹತ್ತಿರ ಕೆಟ್ಟು ನಿಂತದ್ದರಿಂದ ನಾವು ತವರುಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಅಪ್ಪ ಜಗಲಿಯಲ್ಲಿ ಕೂತಿದ್ದರು. ಟೀಚರು ನಿಂತೇ ದುಡ್ಡನ್ನು ಅವರ ಪಕ್ಕದಲ್ಲಿಟ್ಟರು. ಅಪ್ಪ ತಡಬಡಿಸಿ ಎದ್ದು, ಏನು ಅವಸರ ಇತ್ತು ಟೀಚರೇ ಅಂದರು.

"ದಿನಾ ನಮ್ಮನೆ ಮುಂದೇನೇ ಸೈಕಲ್‌ನಾಗೆ ಹೋಯ್ತಿದ್ರಿ. ಒಂದು ಮಾತು ಕೇಳಬಾರದಿತ್ತಾ ಮೇಷ್ಟ್ರೇ?"

"ನಿಮ್ಗೇನೋ ಕಷ್ಟ ಐತೆ ಅನ್ಕೊಂಡೆ. ಕೇಳಿದ್ರೆ ನೊಂದ್ಕೋತೀರಿ ಅಂತ..."

"ಬ್ಯಾಂಕಿನೋರು ನನ್ನ ಕೇಳ್ದೆ ತಗೊಂಡ್ರು. ನೀವು ಕೇಳ್ದೆ ಕೊಟ್ರಿ. ನಾನು ಮೋಸ ಮಾಡೋಳು ಅಂತ ನಂಬ್ಕೊಂಡು, ಆದ್ರೂ ಕೊಟ್ರಿ."

ಅಲ್ಲ ಎಂದು ಅಪ್ಪ ಆಗಲೇ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಅನ್ನಲಿಲ್ಲ. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ಟೀಚರಿಗೂ ಗೊತ್ತಿತ್ತು. ಅಮ್ಮ ಓಡಿಬಂದು ನೀರು ಕೊಟ್ಟಳು. ಕತ್ತಲಾದ ಮೇಲೆ ಅವರು ಏನೂ ತಿನ್ನುವುದಿಲ್ಲ ಎಂದು ನಮಗೆ ಗೊತ್ತು. ಆದರೆ ನೀರು ಕುಡಿಯುತ್ತಿದ್ದರು, ಎಷ್ಟೋ ಸಲ ನಮ್ಮ ಮನೆಯಲ್ಲೇ ಕುಡಿದಿದ್ದಾರೆ. ಅಂದು ಲೋಟವನ್ನು ಕೈಗೆ ತಗೊಂಡು, ಹಾಗೆಯೇ ಕಿಟಕಿಯ ಮೇಲಿಟ್ಟು, ಬತ್ತೀನಿ ಅಂದು ಹೊರಟುಹೋದರು.

ಮುಂದಿನ ವಾರ ಬೇಲೂರಿಗೆ ಹೋಗಿ ಸಾಲಕ್ಕೊಂದು ಏರ್ಪಾಡು ಮಾಡಿಕೊಂಡು ಬಂದರು. ಪೆನ್ಶನ್ನನ್ನು ಮತ್ತೆ ಹಳೇಬೀಡಿಗೇ ಹಾಕಿಸಿಕೊಂಡರು. ಚಾರ್ಜು ಹಿಡಿದರೆ ಹಿಡಿದುಕೊಳ್ಳಲಿ ಅಂದರಂತೆ. ಹಾಗಾಗಿ ನನ್ನ ಮೊದಲ ಶನಿವಾರಗಳು ನಿಂತವು. ಊರಿಗೆ ಹೋದಾಗ ಕಂಡರೆ ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದರು, ಒಳಗೆ ಬಾ ಅನ್ನುತ್ತಿದ್ದರು, ಆದರೆ ಮೊದಲಿನ ಹಾಗೆ ಬೈಯುತ್ತಿರಲಿಲ್ಲ. ಆ ಬೈಗುಳವಿಲ್ಲದೆ ನನಗೆ ಅವರ ಮನೆಯಲ್ಲಿ ಕೂರುವುದಕ್ಕೇ ಆಗುತ್ತಿರಲಿಲ್ಲ. ಅಪ್ಪ ಎರಡು ಮೂರು ಸಲ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದರಂತೆ. ಒಳಗೆ ಮೆಷಿನ್ ಓಡುವ ಸದ್ದು ಕೇಳುತ್ತಿತ್ತು, ಯಾರೂ ಹೊರಗೆ ಬರಲಿಲ್ಲ ಎಂದು ಅಮ್ಮ ಹೇಳಿದಳು.

ಹೋದ ವರ್ಷ ಟೀಚರು ತೀರಿಕೊಂಡರು. ಮಲಗಿದ್ದು ನಾಲ್ಕೇ ದಿನ. ಸಾಲ ಅದಕ್ಕೆ ಮುಂಚೆಯೇ ತೀರಿತ್ತು. ಅಪ್ಪ ಹೋಗಿ ಅವರ ಗೇಟಿನ ಹೊರಗೇ ನಿಂತಿದ್ದು ವಾಪಸು ಬಂದರು.

ಈ ರವಿಕೆಯ ಬಗಲು ಬಿಚ್ಚುತ್ತಾ ಕೂತಿದ್ದಾಗ ಅಪ್ಪ ನಮ್ಮ ಮನೆಯಲ್ಲೇ ಇದ್ದರು. ಈ ಬೇಸಿಗೆಯಲ್ಲಿ ಅವರೂ ನಿವೃತ್ತರಾದರು, ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ಬಿಚ್ಚಿದ ದಾರವನ್ನು ನಾನು ಅಭ್ಯಾಸಬಲದಿಂದ ಒಂದು ಡಬ್ಬಿಗೆ ಹಾಕುತ್ತಿದ್ದೆ. ಒಳಗಿದ್ದ ಬಟ್ಟೆ ಬಿಡಿಸಿ ಹೊಸ ಹೊಲಿಗೆ ಹಾಕಿಕೊಂಡೆ. ತೊಟ್ಟು ನೋಡಿದರೆ ಸರಿಯಾಗಿ ಕೂತಿತು, ಹೊಲಿದವರು ಈಗಿನ ನನ್ನನ್ನೇ ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆದ ಹಾಗೆ. ನನಗೆ ಅಳು ತಡೆಯಲಾಗಲಿಲ್ಲ.

ಅಪ್ಪ ಬಹಳ ಹೊತ್ತು ಆ ರವಿಕೆಯ ತೋಳನ್ನೇ ನೋಡುತ್ತಿದ್ದರು. ಟೀಚರು ಹೊಲಿದದ್ದಾ ಎಂದು ಕೇಳಿದರು. ಹೌದು ಅಂದೆ.

"ಒಂದು ಮಾತು ಕೇಳಬೇಕಿತ್ತು ಕಣೇ," ಅಂದರು.

ನಾನು ಎದ್ದು ಒಳಗೆ ಹೋದೆ. ಕುಡಿಯಲು ನೀರು ತಂದುಕೊಟ್ಟೆ. ಅಪ್ಪ ಲೋಟ ಹಿಡಿದುಕೊಂಡೇ ಕೂತಿದ್ದರು.